ಬೆಳೆ ಕಾಯುವ ಬಂದೂಕಿನ ಕಾಗದ ನೋಡಿದರೆ ಸಾಲದು, ನಳಿಗೆಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಗೋವಿನಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಹಾನಗಲ್ಲ, ಶಿಗ್ಗಾವಿ, ಕಲಘಟಗಿ ಕಡೆಯ ಹೊಲಗಳಿಗೆ ಕಾಡುಹಂದಿ ನುಗ್ಗುವುದು ವರ್ಷ ವರ್ಷದ ಗೋಳು. ಹಿಂಡು ಹೊಕ್ಕರೆ ತಿಂದದ್ದಕ್ಕಿಂತ ತುಳಿದು ಕೆಡವಿದ್ದೇ ಹೆಚ್ಚು. ಕಪ್ಪತಗುಡ್ಡದ ಸೆರಗಿನ ಶೇಂಗಾ ಹೊಲಗಳದೂ ಇದೇ ಪಾಡು. ಹೀಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೇಳುವ ರೈತರು ಈಗಲೂ ಇದ್ದಾರೆ, ಅಜ್ಜನ ಕಾಲದ ಬಂದೂಕನ್ನು ಹೆಸರಿಗೆ ಮಾಡಿಸಿಕೊಳ್ಳುವವರೂ ಇದ್ದಾರೆ. ಇವರೆಲ್ಲ ಕೇಳುವ ಮೊದಲ ಪ್ರಶ್ನೆ, ಕಡಿಮೆ ದರಕ್ಕೆ ಯಾವುದು ಒಳ್ಳೆಯದು ಎಂಬುದು. ಆ ಪ್ರಶ್ನೆಗೆ ಉತ್ತರವಿದೆ. ಆದರೆ ಲೈಸೆನ್ಸ್ ಕೊಡುವಾಗಲೂ ನವೀಕರಣ ಮಾಡುವಾಗಲೂ ಹೆಚ್ಚಿನ ಕಡೆ ಪರಿಶೀಲನೆ ಆಗುವುದು ಕಾಗದಪತ್ರದ್ದು. ನಳಿಗೆಯೊಳಗೆ ತುಕ್ಕು ಎಷ್ಟು ತಿಂದಿದೆ, ಕುದುರೆ (ಟ್ರಿಗರ್ ಒತ್ತಿದಾಗ ಬಡಿಯುವ ಸುತ್ತಿಗೆ) ನಿಲ್ಲಿಸಿದಲ್ಲಿ ನಿಲ್ಲುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ಮೊದಲು ಇನ್‌ಲೈನ್ ಎಂಬ ಹೊರದೇಶದ ಬಂದೂಕಿನ ವಿಷಯ ಹೇಳಿಬಿಡಬೇಕು, ಯಾಕೆಂದರೆ ಹರೆಯದವರು ಅದನ್ನೇ ಕೇಳುತ್ತಾರೆ. ನಮ್ಮ ಹಳೆಯ ಬಂದೂಕಿನಲ್ಲಿ ಕುದುರೆ ಪಕ್ಕದಲ್ಲಿ ಬಡಿಯುತ್ತದೆ. ಕೇಪು ಎಂದರೆ ಪೆಟ್ಟಿಗೆ ಸಿಡಿಯುವ ತಾಮ್ರದ ಪುಟ್ಟ ಟೊಪ್ಪಿಗೆ, ಅದು ಕೂರುವ ತೂತಿನ ಮೊಳೆಯೇ ನಿಪ್ಪಲ್. ಕೇಪಿನ ಕಿಡಿ ನಿಪ್ಪಲ್‌ನೊಳಗೆ ಇಳಿದು, ಒಂದು ತಿರುವು ತೆಗೆದುಕೊಂಡು ಮದ್ದಿಗೆ ಮುಟ್ಟಬೇಕು. ಇನ್‌ಲೈನ್‌ನಲ್ಲಿ ಕಿಡಿ ಹುಟ್ಟುವುದೇ ನಳಿಗೆಯ ನೇರ ಹಿಂಭಾಗದಲ್ಲಿ. ಅಮೆರಿಕದ ಮಿಸೌರಿ ರಾಜ್ಯದ ಟೋನಿ ನೈಟ್ 1985ರಲ್ಲಿ ತಂದ ಎಂಕೆ-85 ಎಂಬ ರೈಫಲ್‌ನಿಂದ ಈ ಮಾದರಿ ಜನಪ್ರಿಯವಾಯಿತು. ಅಲ್ಲಿನ ರಾಜ್ಯಗಳಲ್ಲಿ ಬಾಯಿಂದ ತುಂಬುವ ಬಂದೂಕಿಗೆಂದೇ ಜಿಂಕೆ ಬೇಟೆಯ ಬೇರೆ ಹಂಗಾಮು ಇದೆ, ಅದಕ್ಕಾಗಿ ಅಲ್ಲಿ ಇದರ ಮಾರುಕಟ್ಟೆ ದೊಡ್ಡದು. ಸಿವಿಎ ವುಲ್ಫ್, ಟ್ರೆಡಿಷನ್ಸ್ ಬಕ್‌ಸ್ಟಾಕರ್‌ನಂಥವು ಅಲ್ಲಿ ಕಡಿಮೆ ದರದ ಸಾಲಿನವು. ಹೆಚ್ಚಿನವು .50 ಕ್ಯಾಲಿಬರ್ (ನಳಿಗೆಯ ಒಳ ಅಗಲ ಅರ್ಧ ಇಂಚು), ನಳಿಗೆಯೊಳಗಿನ ಸುರುಳಿ ಗೆರೆ 28 ಇಂಚಿಗೆ ಒಂದು ಸುತ್ತು. ಕಿಡಿಗೆ ಶಾಟ್‌ಗನ್ ತೋಟಾದ ತಳದಲ್ಲಿರುವಂಥ 209 ಪ್ರೈಮರ್. ಅಲ್ಲಿ ಕೊಳ್ಳುವವರು ಮುಖ್ಯವಾಗಿ ನೋಡುವುದು ನಳಿಗೆಯ ತಳದ ಬಿರಡೆ ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚಿ ಬರುತ್ತದೆಯೇ ಎಂಬುದನ್ನು. ಬಿಚ್ಚಿದರೆ ಹಿಂದಿನಿಂದಲೇ ತೊಳೆಯಬಹುದು, ಕಣ್ಣಿಟ್ಟು ಆಚೆಗೆ ನೋಡಬಹುದು. ಮಳೆ ನೀರು ಕಿಡಿಯ ಜಾಗಕ್ಕೆ ಹೋಗುವುದೂ ಕಡಿಮೆ. ಯಂತ್ರವಾಗಿ ಅದು ನಮ್ಮ ಬಂದೂಕಿಗಿಂತ ಒಳ್ಳೆಯದು, ಇದನ್ನು ಒಪ್ಪಲೇಬೇಕು.

ಆದರೆ ಅದು ಬೇಟೆಯ ರೈಫಲ್. ನಮ್ಮಲ್ಲಿ ಬೇಟೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಮೊದಲು ಲೈಸೆನ್ಸ್ ಪಡೆದು ಬೇಟೆಯಾಡುವ ಅವಕಾಶವಿತ್ತು, 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಬಂದೂಕಿನ ಮಟ್ಟಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ರೈತನಿಗೆ ಒಂದು ದಾರಿ ಇಟ್ಟಿದೆ. ನಿಜವಾಗಿ ಬೆಳೆ ಕಾಯುವುದಕ್ಕಾದರೆ ಬಾಯಿಂದ ತುಂಬುವ ಬಂದೂಕಿಗೆ ಲೈಸೆನ್ಸ್ ಪಡೆಯಬಹುದು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ (ಒಳಗೆ ಸುರುಳಿ ಗೆರೆ ಇಲ್ಲದ) ಬಂದೂಕಿಗೂ ಕೊಡಬಹುದು. ಹೊರದೇಶದ ರೈಫಲ್ ತರಿಸುವ ದಾರಿ ಸಾಮಾನ್ಯ ರೈತನಿಗೆ ತೆರೆದಿಲ್ಲ. ಬಿಡಿಭಾಗವನ್ನಾದರೂ ಕೊರಿಯರ್‌ನಲ್ಲಿ ತರಿಸೋಣ ಎಂದುಕೊಂಡವರು ಕೇಸಿಗೆ ಸಿಕ್ಕಿಬೀಳುತ್ತಾರೆ.

ಕಾನೂನು ಬದಿಗಿಟ್ಟು ನೋಡಿದರೂ ನಮ್ಮ ನೆಲಕ್ಕೆ ರೈಫಲ್ ಹೊಂದುವುದಿಲ್ಲ. ನವಲಗುಂದ, ರೋಣ, ನರಗುಂದದ ಎರೆಹೊಲದಲ್ಲಿ ನಿಂತು ನೋಡಿ, ಗುಂಡನ್ನು ತಡೆಯುವ ದಿಬ್ಬ ಕಣ್ಣಳತೆಯಲ್ಲಿ ಎಲ್ಲೂ ಇರುವುದಿಲ್ಲ. ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತದೆ. ನುಣುಪು ನಳಿಗೆಯ ಚರೆಯೂ (ಸೀಸದ ಸಣ್ಣ ಗುಂಡುಗಳು) ಜನ ತಿಳಿದಷ್ಟು ಹತ್ತಿರ ನಿಲ್ಲುವುದಿಲ್ಲ. ಹಳೆಯ ಒಂದು ಅಂದಾಜು ಲೆಕ್ಕ ಇದೆ. ಚರೆಯ ದಪ್ಪವನ್ನು ಇಂಚಿನಲ್ಲಿ ಹಿಡಿದು 2200ರಿಂದ ಗುಣಿಸಿದರೆ ಅದು ಹಾರಬಹುದಾದ ಹೆಚ್ಚಿನ ದೂರ ಗಜಗಳಲ್ಲಿ (ಯಾರ್ಡ್, ಮೀಟರಿಗೆ ತುಸು ಕಡಿಮೆ) ಸಿಗುತ್ತದೆ. 6ನೇ ನಂಬರಿನ ಸಣ್ಣ ಚರೆ ಸುಮಾರು 220 ಮೀಟರ್. ಇಂಚಿನ ಮೂರನೇ ಒಂದರಷ್ಟು ದಪ್ಪದ ಚರೆ 650 ಮೀಟರಿಗೂ ಮೇಲೆ. ಪಕ್ಕದ ಹೊಲದಲ್ಲಿ ರಾತ್ರಿ ನೀರು ಹಾಯಿಸುವವನು ಅಷ್ಟರೊಳಗೇ ಇರುತ್ತಾನೆ.

ಲೈಸೆನ್ಸ್ ಇದ್ದರೆ ಹಂದಿಗೆ ಹೊಡೆಯಬಹುದು ಎಂಬ ತಿಳಿವಳಿಕೆಯೂ ತಪ್ಪು. ಬಂದೂಕಿನ ಲೈಸೆನ್ಸ್ ಬಂದೂಕು ಇಟ್ಟುಕೊಳ್ಳುವುದಕ್ಕೆ ಮಾತ್ರ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ (ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿ). ನಿಂತ ಬೆಳೆಗೆ ಅಪಾಯ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ 11ನೇ ಕಲಂ ಅಡಿ ಕಾರಣ ಬರೆದು ಲಿಖಿತ ಅಪ್ಪಣೆ ಕೊಡಬಹುದು. ಆ ಕಾಗದ ಕೈಯಲ್ಲಿಲ್ಲದೆ ಹೊಡೆದರೆ ಅದು ಬೇಟೆ. ಅಪ್ಪಣೆಯಿಂದ ಹೊಡೆದರೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಮಾಂಸ ಹಂಚಿಕೊಳ್ಳುವಂತಿಲ್ಲ. ಇನ್ನು ಚಿಗರಿ (ಕೃಷ್ಣಮೃಗ) ಮತ್ತು ನವಿಲು ಮೊದಲ ಅನುಸೂಚಿಯಲ್ಲಿವೆ, ಶಿಕ್ಷೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ. ರಾಣೆಬೆನ್ನೂರಿನ ಚಿಗರಿಗಳು, ಬಂಕಾಪುರದ ನವಿಲುಗಳು ಬೆಳೆಗೆ ಬೀಳುತ್ತವೆ ನಿಜ. ಅವುಗಳ ದಿಕ್ಕಿಗೆ ನಳಿಗೆ ತಿರುಗಿಸುವ ಯೋಚನೆಯೂ ಬೇಡ. ನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ಹಕ್ಕು ರೈತನಿಗಿದೆ. ಬೆಳೆ ಬಿದ್ದ ಮರುದಿನವೇ ಫೋಟೊ ಸಮೇತ ಅರ್ಜಿ ಕೊಡಬೇಕು.

ಹಾಗಾಗಿ ನಮ್ಮಲ್ಲಿ ಬೆಳೆ ಕಾಯುವ ಬಂದೂಕಿನ ನಿತ್ಯದ ಕೆಲಸ ಸದ್ದು ಮಾಡುವುದು. ಚರೆ ಇಲ್ಲದೆ ಮದ್ದು ಮತ್ತು ಅಡಕು (ಮದ್ದಿನ ಮೇಲೆ ಒತ್ತುವ ಕಾಗದ ಇಲ್ಲವೇ ಫೆಲ್ಟು) ಮಾತ್ರ ಹಾಕಿ ಹಾರಿಸಿದ ಸದ್ದಿಗೆ ಹಿಂಡು ಚದುರುತ್ತದೆ. ಈ ಕೆಲಸಕ್ಕೆ ದುಬಾರಿ ಬಂದೂಕು ಏತಕ್ಕೂ ಬೇಡ.

ಅರ್ಜಿ ಹಾಕುವ ಮೊದಲು ಊರು ಎಲ್ಲಿದೆ ಎಂದು ನೋಡಿಕೊಳ್ಳಿ. ವನ್ಯಜೀವಿ ಕಾಯ್ದೆಯ 34ನೇ ಕಲಂ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನವರಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಹೊಸ ಬಂದೂಕು ಲೈಸೆನ್ಸ್ ಕೊಡುವಂತಿಲ್ಲ. ಮೊದಲೇ ಲೈಸೆನ್ಸ್ ಇದ್ದವರು ಅವರಲ್ಲಿ ಹೆಸರು ನೋಂದಾಯಿಸಬೇಕು. ರಾಣೆಬೆನ್ನೂರು ಅಭಯಾರಣ್ಯ 1974ರದು, ಅಲ್ಲಿನವರಿಗೆ ಇದು ಗೊತ್ತಿರಬಹುದು. ಕಪ್ಪತಗುಡ್ಡ ಅಭಯಾರಣ್ಯವಾದದ್ದು 2019ರಲ್ಲಿ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಎಷ್ಟೋ ಹಳೆಯ ಲೈಸೆನ್ಸ್‌ದಾರರು ಆ ದಿನದಿಂದ ಈ ಕಲಮಿನ ಕೆಳಗೆ ಬಂದಿದ್ದಾರೆ, ಅವರಿಗೆ ಯಾರಾದರೂ ಹೇಳಬೇಕಲ್ಲ.

ಈಗ ಬಂದೂಕು ಆರಿಸುವ ವಿಷಯ. ಲೈಸೆನ್ಸಿನಲ್ಲಿ ಎಸ್‌ಬಿಎಂಎಲ್ ಎಂದು ಬರೆದದ್ದು ಒಂಟಿ ನಳಿಗೆಯದು, ಡಿಬಿಎಂಎಲ್ ಎಂದರೆ ಜೋಡು ನಳಿಗೆಯದು. ನಮ್ಮ ಗಟ್ಟಿ ಅಭಿಪ್ರಾಯ ಒಂಟಿ ನಳಿಗೆಯ ಕಡೆಗೆ. ಅಗ್ಗ, ಹಗುರ, ತೊಳೆಯುವುದು ಸುಲಭ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಜೋಡು ನಳಿಗೆಯಲ್ಲಿ ಒಂದನ್ನು ಹಾರಿಸಿ ಮತ್ತೆ ತುಂಬುವಾಗ ಇನ್ನೊಂದು ತುಂಬಿಯೇ ಇರುತ್ತದೆ, ಅದರ ಬಾಯಿಯ ಪಕ್ಕದಲ್ಲೇ ಕೈ ಆಡಬೇಕು. ಒಂದು ಕಡೆ ಹಾರಿಸಿದ ಒದೆತಕ್ಕೆ ಮತ್ತೊಂದು ನಳಿಗೆಯ ಅಡಕು, ಚರೆ ಸ್ಥಳ ಬಿಟ್ಟು ಮುಂದಕ್ಕೆ ಜಾರುವುದೂ ಉಂಟು. ಮದ್ದಿಗೂ ಚರೆಗೂ ನಡುವೆ ಖಾಲಿ ಜಾಗ ಬಿದ್ದರೆ ಆ ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಮಳೆಗಾಲದ ರಾತ್ರಿ, ಟಾರ್ಚ್ ಬೆಳಕಿನಲ್ಲಿ, ನಿದ್ದೆಗಣ್ಣಿನಲ್ಲಿ ಮಾಡುವ ಕೆಲಸಕ್ಕೆ ಒಂಟಿ ನಳಿಗೆಯೇ ಸರಿ.

ಹೊಸದಾಗಲಿ ಹಳೆಯದಾಗಲಿ, ಲೈಸೆನ್ಸ್ ಇರುವ ಡೀಲರ್ ಬಳಿಯೇ ಕೊಳ್ಳಿ. ಮುಂಗೇರ್, ಜಮ್ಮು ಕಡೆಯ ಲೈಸೆನ್ಸ್ ಇರುವ ಕಾರ್ಖಾನೆಗಳ ಬಂದೂಕು ನಮ್ಮ ಕಡೆಯ ಅಂಗಡಿಗಳಿಗೂ ಬರುತ್ತವೆ. ತಯಾರಕರ ಹೆಸರು, ನಂಬರು, ಪ್ರೂಫ್ ಗುರುತು (ನಳಿಗೆ ಒತ್ತಡ ಪರೀಕ್ಷೆ ದಾಟಿದ ಮುದ್ರೆ) ಮೂರೂ ನಳಿಗೆಯ ಮೇಲೆ ಸ್ಪಷ್ಟವಾಗಿ ಓದಲು ಬರಬೇಕು. ನಂಬರು ಉಜ್ಜಿಹೋದ ಬಂದೂಕು ಎಷ್ಟು ಅಗ್ಗಕ್ಕೆ ಸಿಕ್ಕರೂ ಕೈಗೆ ತೆಗೆದುಕೊಳ್ಳಬೇಡಿ, ಗುರುತು ಅಳಿಸುವುದೂ ಅಂಥ ಬಂದೂಕು ಇಟ್ಟುಕೊಳ್ಳುವುದೂ ಅಪರಾಧ. ಬಾಯಿ ಸವೆದಿದೆ ಎಂದು ನಳಿಗೆ ಕತ್ತರಿಸಿ ಗಿಡ್ಡ ಮಾಡಿಸುವುದು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಅಪರಾಧ. ಲೈಸೆನ್ಸ್ ಇಲ್ಲದ ವೆಲ್ಡಿಂಗ್ ಅಂಗಡಿಯಲ್ಲಿ ರಿಪೇರಿ ಮಾಡಿಸುವುದು 5ನೇ ಕಲಮಿನದು. ವೆಲ್ಡ್ ಬಿದ್ದ ನಳಿಗೆಯನ್ನು ಬೇರೆ ಕಾರಣಕ್ಕೂ ನಂಬಬಾರದು. ಆ ಶಾಖಕ್ಕೆ ಸುತ್ತಲಿನ ಉಕ್ಕಿನ ಹದ ಕೆಡುತ್ತದೆ, ಸೀಳುವುದು ಬೆಸುಗೆಯ ಅಂಚಿನಲ್ಲೇ.

ಬಂದೂಕು ಕೈಗೆ ಬಂದ ಕೂಡಲೆ ನೋಡಬೇಕಾದದ್ದು ಒಳಗೆ ಮದ್ದು ಇದೆಯೇ ಎಂದು. ಹಳೆಯ ಬಂದೂಕುಗಳು ತುಂಬಿದ ಸ್ಥಿತಿಯಲ್ಲೇ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿರುತ್ತವೆ, ಆ ಮದ್ದು ಸಾಯುವುದಿಲ್ಲ. ನಿಪ್ಪಲ್ ಮೇಲೆ ಕೇಪು ಇದ್ದರೆ ಮೊದಲು ಅದನ್ನು ತೆಗೆಯಿರಿ. ಬಾಯಿಗೆ ಮುಖ, ಎದೆ ಅಡ್ಡ ಬಾರದಂತೆ ಬಂದೂಕನ್ನು ಓರೆಯಾಗಿ ಹಿಡಿದು, ಗಜವನ್ನು (ಮದ್ದು ಒತ್ತುವ ಉದ್ದ ಕೋಲು) ನಳಿಗೆಯೊಳಗೆ ಮೆಲ್ಲಗೆ ತಳದವರೆಗೆ ಇಳಿಸಿ. ಬಾಯಿಯ ಅಂಚಿಗೆ ಬಂದ ಜಾಗದಲ್ಲಿ ಗಜಕ್ಕೆ ಸೀಸಪೆನ್ಸಿಲಿನಿಂದ ಗೆರೆ ಹಾಕಿ ಹೊರಗೆ ತೆಗೆಯಿರಿ. ಅದೇ ಗಜವನ್ನು ನಳಿಗೆಯ ಹೊರಮೈಗೆ ಹಚ್ಚಿ, ಗೆರೆಯನ್ನು ಬಾಯಿಯ ಅಂಚಿಗೆ ಸರಿಯಾಗಿ ಹೊಂದಿಸಿದರೆ ಗಜದ ತುದಿ ನಿಪ್ಪಲ್‌ನ ಬುಡದ ನೇರಕ್ಕೆ ಬರಬೇಕು. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಮದ್ದು ಚರೆ ಇದೆ, ಇಲ್ಲವೇ ಏನೋ ಸಿಕ್ಕಿಕೊಂಡಿದೆ. ಆಗ ಕುದುರೆ ಎಳೆದು ನೋಡುವುದು, ತಳದ ಬಿರಡೆ ಬಿಚ್ಚಲು ಬೆಂಕಿಗೆ ಹಿಡಿಯುವುದು ಎರಡೂ ಜೀವಕ್ಕೆ ಎರವು. ಲೈಸೆನ್ಸ್ ಇರುವ ದುರಸ್ತಿಗಾರರ ಬಳಿ ಒಯ್ದರೆ ನಿಪ್ಪಲ್ ಕಳಚಿ, ಆ ತೂತಿನಿಂದ ನೀರು ಹಾಕಿ ಮದ್ದನ್ನು ನೆನೆಸಿ, ತಿರುಪು ಇರುವ ಗಜದಿಂದ ಅಡಕು ಎಳೆದು ತೆಗೆಯುತ್ತಾರೆ.

ಖಾಲಿ ಎಂದು ಖಾತ್ರಿಯಾದ ಮೇಲೆ ನಳಿಗೆಯ ಪರೀಕ್ಷೆ. ದಾರಕ್ಕೆ ಕಟ್ಟಿದ ಚಿಕ್ಕ ಎಲ್‌ಇಡಿ ದೀಪ ಒಳಗೆ ಇಳಿಸಿದರೆ ಸಾಕು. ಬಾಯಿಯ ಹತ್ತಿರದ ಸಣ್ಣ ತುಕ್ಕು ಅಷ್ಟು ದೊಡ್ಡ ಮಾತಲ್ಲ. ತಳದ ಕೊನೆಯ ಐದಾರು ಇಂಚಿನಲ್ಲಿ ಗುಳಿ ಬಿದ್ದಿದ್ದರೆ ಆ ಬಂದೂಕು ಬೇಡ, ಒತ್ತಡ ಹುಟ್ಟುವುದು ಅಲ್ಲೇ. ಆಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಉದ್ದಕ್ಕೆ ಹಿಡಿದು ಹೊರಮೈ ಮೇಲೆ ಬೀಳುವ ಬೆಳಕಿನ ಗೆರೆ ನೋಡಿ. ಗೆರೆ ನೆಟ್ಟಗೆ ಸಾಗಬೇಕು. ಎಲ್ಲಾದರೂ ಡೊಂಕಾಗಿ ಮತ್ತೆ ನೆಟ್ಟಗಾದರೆ ಅಲ್ಲಿ ಉಬ್ಬು ಇದೆ, ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಉಬ್ಬಿದ ನಳಿಗೆಯನ್ನು ಬಡಿದು ಸರಿ ಮಾಡಲು ಆಗುವುದಿಲ್ಲ. ತಳದ ಬಿರಡೆಯ ಸಂದಿಯಲ್ಲಿ ಮಸಿಯ ಗೆರೆ ಇದ್ದರೆ ಹೊಗೆ ಅಲ್ಲಿಂದ ಸೋರುತ್ತಿದೆ ಎಂದು ತಿಳಿಯಿರಿ, ನಳಿಗೆ ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟುಬಿಡಿ.

ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ ಟ್ರಿಗರ್ ಒತ್ತಿ, ಬೀಳಬಾರದು. ಪೂರ್ತಿ ಎತ್ತಿ ಹೆಬ್ಬೆರಳಿನಿಂದ ಮುಂದಕ್ಕೆ ದೂಡಿ, ಆಗಲೂ ಬೀಳಬಾರದು. ಈ ಎರಡು ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಬಂದೂಕು ಮರಕ್ಕೆ ಒರಗಿಸುವಾಗ, ಬೈಕಿನಲ್ಲಿ ಒಯ್ಯುವಾಗ ತಾನಾಗಿ ಹಾರುವುದಕ್ಕೆ ಒಳಗಿನ ಸವೆದ ಹಲ್ಲೇ ಕಾರಣ.

ನಿಪ್ಪಲ್ ಅಗ್ಗದ ಭಾಗ, ಆದರೆ ಹೆಚ್ಚು ಕೆಡುವುದು ಅದೇ. ಹೊಸದರ ತೂತು ಸುಮಾರು 0.7 ಮಿಲಿಮೀಟರ್, ದಪ್ಪ ಸೂಜಿ ಹೋಗುವಷ್ಟು. ಹಾರಿಸುತ್ತ ಹೋದಂತೆ ತೂತು ಸುಟ್ಟು ಅಗಲವಾಗುತ್ತದೆ. ಆಗ ಹಾರಿಸಿದಾಗ ಹೊಗೆ ಹಿಂದಕ್ಕೆ ರಭಸದಿಂದ ಬಂದು ಕುದುರೆಯನ್ನು ಅರ್ಧಕ್ಕೆ ಎತ್ತಿ ಬಿಡುತ್ತದೆ. ಹಾರಿಸಿದ ಮೇಲೆ ಕುದುರೆ ಕೆಳಗೆ ಕೂತಿರದೆ ಮೇಲೆದ್ದಿದ್ದರೆ ನಿಪ್ಪಲ್ ಬದಲಿಸುವ ಕಾಲ ಬಂದಿದೆ. ಕೇಪು ನಿಪ್ಪಲ್ ಮೇಲೆ ಬೆರಳಿನ ಒತ್ತಿಗೆ ಬಿಗಿಯಾಗಿ ಕೂರಬೇಕು. ಸಡಿಲ ಇದ್ದರೆ ನಡೆಯುವಾಗ ಉದುರುತ್ತದೆ, ಬಿಗಿ ಹೆಚ್ಚಾದರೆ ಕುದುರೆಯ ಮೊದಲ ಪೆಟ್ಟು ಅದನ್ನು ಕೂರಿಸುವುದರಲ್ಲೇ ಹೋಗಿ ಸಿಡಿಯುವುದಿಲ್ಲ. ಸಡಿಲ ಕೇಪನ್ನು ಹಲ್ಲಿನಿಂದ ಕಚ್ಚಿ ಒತ್ತುವ ಚಾಳಿಯನ್ನು ದಯವಿಟ್ಟು ಬಿಡಬೇಕು. 10, 11 ಎಂದು ಅಳತೆಗಳಿವೆ, ನಿಪ್ಪಲ್‌ಗೆ ತಕ್ಕ ಕೇಪನ್ನು ಕೇಳಿ ತೆಗೆದುಕೊಳ್ಳಿ.

ಮದ್ದಿನ ವಿಷಯದಲ್ಲಿ ಒಂದು ತಪ್ಪು ಉಳಿದ ಎಲ್ಲಕ್ಕಿಂತ ದೊಡ್ಡದು. ಕರಿ ಮದ್ದು ಸಿಗಲಿಲ್ಲವೆಂದು 12 ಬೋರ್ ತೋಟಾ ಒಡೆದು ಅದರೊಳಗಿನ ಹೊಗೆಯಿಲ್ಲದ ಮದ್ದನ್ನು ಬಾಯಿಂದ ತುಂಬುವ ಬಂದೂಕಿಗೆ ಹಾಕುವುದು. ಆ ಮದ್ದು ಹುಟ್ಟಿಸುವ ಒತ್ತಡವೇ ಬೇರೆ, ಈ ನಳಿಗೆ ಅದಕ್ಕೆ ಮಾಡಿದ್ದಲ್ಲ. ಅಳತೆ ಅಷ್ಟೇ ಇದ್ದರೂ, ಅರ್ಧ ಇದ್ದರೂ ತಳ ಸಿಡಿಯಬಹುದು. ಮುಂಗೈ ಹಿಡಿದಿರುವುದು, ಕಣ್ಣು ಇರುವುದು ಅಲ್ಲೇ ಹತ್ತಿರ. ಪಟಾಕಿಯ ಮದ್ದು, ಕ್ವಾರಿಯ ಮದ್ದು ಇವೂ ಬೇಡ. ಲೈಸೆನ್ಸ್ ತೋರಿಸಿ ಡೀಲರ್ ಬಳಿ ತಂದ ಬಂದೂಕಿನ ಕರಿ ಮದ್ದನ್ನೇ, ಲೈಸೆನ್ಸಿನಲ್ಲಿ ಬರೆದಷ್ಟು ಪ್ರಮಾಣದಲ್ಲೇ ಇಟ್ಟುಕೊಳ್ಳಿ.

ಅಳತೆ ತಯಾರಕರು ಹೇಳಿದ್ದನ್ನು ಮೀರಬಾರದು. 12 ಬೋರ್ ಅಗಲದ ಗಟ್ಟಿ ನಳಿಗೆಗೆ ಹಳೆಯ ರೂಢಿ 2¾ ಡ್ರಾಮ್, ಅಂದರೆ ಸುಮಾರು 75 ಗ್ರೇನ್, ಗ್ರಾಮಿನಲ್ಲಿ 5ಕ್ಕೆ ತುಸು ಕಡಿಮೆ. ಅದಕ್ಕೆ ಚರೆ 1⅛ ಔನ್ಸ್, ಸುಮಾರು 32 ಗ್ರಾಂ. ಒಂದೇ ಅಳತೆ ಬಟ್ಟಲಿನಿಂದ ಮದ್ದನ್ನೂ ಚರೆಯನ್ನೂ ಸಮ ಹಾಕುವ ಹಳೆಯ ಮಂದಿಯ ಲೆಕ್ಕವೂ ಹೆಚ್ಚುಕಡಿಮೆ ಇದೇ ಆಗುತ್ತದೆ. ಇದಕ್ಕಿಂತ ಸಣ್ಣ ನಳಿಗೆಗೆ ಇದು ಹೆಚ್ಚಾಯಿತು. ಬರೀ ಸದ್ದಿಗಾದರೆ ಇದರ ಮುಕ್ಕಾಲು ಭಾಗ ಮದ್ದು ಧಾರಾಳ. ಮದ್ದನ್ನು ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಸಲದ ಕೆಂಡದ ಚೂರು ಒಳಗೆ ಉಳಿದಿದ್ದರೆ ಬಟ್ಟಲಿನ ಐದು ಗ್ರಾಂ ಹೊತ್ತಿಕೊಂಡರೆ ಕೈ ಸುಡುತ್ತದೆ, ಡಬ್ಬಿ ಹೊತ್ತಿಕೊಂಡರೆ ಮನುಷ್ಯ ಉಳಿಯುವುದಿಲ್ಲ.

ತುಂಬುವ ಮೊದಲು ಖಾಲಿ ಬಂದೂಕಿಗೆ ಒಂದು ಕೇಪು ಇಟ್ಟು, ಬಾಯಿಯನ್ನು ಹುಲ್ಲಿನ ಎಸಳಿನ ಹತ್ತಿರ ಹಿಡಿದು ಹೊಡೆಯಿರಿ. ಎಸಳು ಅಲ್ಲಾಡಿದರೆ ದಾರಿ ತೆರೆದಿದೆ, ಒಳಗಿನ ಎಣ್ಣೆಯೂ ಸುಟ್ಟಿತು. ಅಲ್ಲಾಡದಿದ್ದರೆ ನಿಪ್ಪಲ್ ಕಟ್ಟಿದೆ. ಹಾರದ ಬಂದೂಕುಗಳ ಕಾರಣ ಹೆಚ್ಚಾಗಿ ಇದೇ, ಎಣ್ಣೆ ಅಥವಾ ಮಸಿ. ಆಮೇಲೆ ಮದ್ದು, ಅದರ ಮೇಲೆ ಅಡಕು, ಗಜದಿಂದ ಮದ್ದಿಗೆ ತಾಗುವಂತೆ ಒತ್ತು, ಮೇಲೆ ಚರೆ ಇದ್ದರೆ ಚರೆ ಮತ್ತು ತೆಳು ಅಡಕು. ಕೇಪು ಇಡುವುದು ಎಲ್ಲಕ್ಕಿಂತ ಕೊನೆಗೆ, ಹೊಲದ ಬದುವಿನಲ್ಲಿ ನಿಂತ ಮೇಲೆ. ಗಜದ ಮೇಲೆ ಎರಡು ಗೆರೆ ಕಾಯಂ ಹಾಕಿಕೊಳ್ಳಿ. ಒಂದು ಖಾಲಿ ಇದ್ದಾಗಿನದು, ಇನ್ನೊಂದು ಸರಿಯಾಗಿ ತುಂಬಿದಾಗಿನದು. ಎರಡನೆಯ ಗೆರೆ ಬಾಯಿಯ ಅಂಚಿಗಿಂತ ಮೇಲೆ ನಿಂತರೆ ಅಡಕು ತಳ ಮುಟ್ಟಿಲ್ಲ, ಇಲ್ಲವೇ ಎರಡು ಸಲ ತುಂಬಿದೆ. ಕತ್ತಲಲ್ಲಿ ಎರಡು ಸಲ ತುಂಬುವುದು ಅಪರೂಪವೇನಲ್ಲ, ಮೊದಲನೆಯದು ಹಾರಿಲ್ಲ ಎಂಬುದು ಕೇಪಿನ ಸದ್ದಿನಲ್ಲಿ ಗೊತ್ತಾಗದೆ ಹೋಗುತ್ತದೆ.

ಕೇಪು ಸಿಡಿದು ಮದ್ದು ಹಾರದಿದ್ದರೆ ಬಂದೂಕನ್ನು ಅದೇ ದಿಕ್ಕಿಗೆ ಹಿಡಿದು ಒಂದು ನಿಮಿಷ ಪೂರ್ತಿ ನಿಲ್ಲಿ. ಒಳಗೆ ನಿಧಾನ ಹೊತ್ತುತ್ತಿರುವ ಮದ್ದು ತಡವಾಗಿ ಹಾರಬಹುದು. ಆ ಮೇಲೆಯೇ ಹೊಸ ಕೇಪು. ಎರಡು ಮೂರು ಕೇಪಿಗೂ ಹಾರದಿದ್ದರೆ ಆ ರಾತ್ರಿಗೆ ಬಂದೂಕಿನ ಕೆಲಸ ಮುಗಿಯಿತು. ಕೇಪಿನ ತಾಮ್ರದ ಚೂರು ಕಣ್ಣಿಗೆ ಹಾರುತ್ತದೆ, ಬೈಕಿನ ಸಾದಾ ಕನ್ನಡಕವಾದರೂ ಹಾಕಿಕೊಂಡಿರಿ. ಬರೀ ಅಡಕು ಎಂದು ಹತ್ತಿರ ನಿಂತವರ ಕಡೆಗೆ ಹಿಡಿಯಬೇಡಿ, ನಾಲ್ಕಾರು ಮೀಟರಿನಲ್ಲಿ ಅದೂ ಗಾಯ ಮಾಡುತ್ತದೆ. ಕಾಗದದ ಅಡಕು ಉರಿಯುತ್ತಲೇ ಹೋಗಿ ಬೀಳುತ್ತದೆ. ಸುಗ್ಗಿಯ ನಂತರ ಕಣಿಕೆ ಬಣವೆ, ಒಣ ರವದಿ ಇದ್ದ ಕಡೆ ಕಾಗದ ಬಿಟ್ಟು ಫೆಲ್ಟಿನ ಅಡಕು ಹಾಕಿ.

ಹಾರಿಸಿದ ದಿನವೇ ತೊಳೆಯಬೇಕು. ಕರಿ ಮದ್ದಿನ ಮಸಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಂಡು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ಉಪ್ಪು ಕರಗುವುದು ನೀರಿನಲ್ಲಿ. ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸಿದರೆ ಮೇಲೆ ಹೊಳಪು ಬರುತ್ತದೆ, ಅಡಿಯಲ್ಲಿ ಉಪ್ಪು ಹಾಗೇ ಉಳಿಯುತ್ತದೆ. ಹಳೆಯ ಬಂದೂಕುಗಳ ತಳ ಗುಳಿ ಬೀಳುವುದು ಬಹುಮಟ್ಟಿಗೆ ಇದರಿಂದಲೇ. ನಳಿಗೆ ಕಳಚುವಂತಿದ್ದರೆ ಕಳಚಿ, ತಳವನ್ನು ಬಕೆಟ್ಟಿನ ಬಿಸಿ ಸಾಬೂನು ನೀರಿನಲ್ಲಿ ನಿಲ್ಲಿಸಿ, ಗಜಕ್ಕೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೆದರೆ ನೀರು ನಿಪ್ಪಲ್ ತೂತಿನಿಂದ ಒಳಗೆ ಹೊರಗೆ ಆಡಿ ಕರಿ ಎಲ್ಲ ಬಿಡುತ್ತದೆ. ನೀರು ತಿಳಿಯಾಗುವವರೆಗೆ ಬದಲಿಸಿ, ಕೊನೆಗೆ ಕುದಿ ನೀರು ಹಾಯಿಸಿದರೆ ಕಬ್ಬಿಣ ಬಿಸಿಯಾಗಿ ತಾನೇ ಒಣಗುತ್ತದೆ. ಒಣ ಬಟ್ಟೆ, ನಂತರ ತೆಳುವಾಗಿ ಮಷೀನ್ ಎಣ್ಣೆ. ಮರುದಿನ ಬಿಳಿ ಬಟ್ಟೆ ಹಾಯಿಸಿ ನೋಡಿ, ಕೆಂಪು ಬಂದರೆ ಮತ್ತೆ ತೊಳೆಯಿರಿ. ಮಳೆಗಾಲದಲ್ಲಿ ಬಟ್ಟೆಯ ಚೀಲ, ಚರ್ಮದ ಕವರಿನಲ್ಲಿ ಇಡಬೇಡಿ, ತೇವ ಒಳಗೇ ಉಳಿಯುತ್ತದೆ. ಮದ್ದು ಒಂದು ಕಡೆ, ಕೇಪು ಇನ್ನೊಂದು ಕಡೆ, ಬಂದೂಕು ಬೀಗದೊಳಗೆ, ಮೂರೂ ಒಲೆಯಿಂದ ದೂರ.

ಹೊಲದಿಂದ ಮನೆಗೆ ಬರುವಾಗ ಕೇಪು ತೆಗೆದರೆ ಸಾಕು ಎಂದು ಬಹಳ ಮಂದಿ ನಂಬಿದ್ದಾರೆ. ಸಾಲದು. ಕೇಪು ಇಲ್ಲದ ಆದರೆ ಮದ್ದು ತುಂಬಿದ ಬಂದೂಕು ಮನೆಯೊಳಗೆ ಬಂದರೆ ಮುಂದಿನ ಸಲ ಅದನ್ನು ಮುಟ್ಟುವವರಿಗೆ ಖಾಲಿ ಎಂದೇ ಕಾಣುತ್ತದೆ. ಮಕ್ಕಳಿಗೆ ಕೇಪು ಸಿಗುವುದು ಕಷ್ಟವಲ್ಲ. ಹೊಲದಲ್ಲೇ ಖಾಲಿ ಮಾಡಿ ತರಬೇಕು. ಮದುವೆ, ಜಾತ್ರೆಯಲ್ಲಿ ಹಾರಿಸುವುದಂತೂ ಬೇಡವೇ ಬೇಡ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಇದಕ್ಕೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ.

ಈಗ ಹಾವೇರಿ, ಗದಗ, ಧಾರವಾಡ ಜಿಲ್ಲಾಡಳಿತಗಳಿಗೂ ಹುಬ್ಬಳ್ಳಿ-ಧಾರವಾಡ ಪೊಲೀಸ್ ಕಮಿಷನರೇಟಿಗೂ ನಮ್ಮ ಮನವಿ. ಅದೇ 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಅಂದರೆ ಬಂದೂಕು ಅಧಿಕಾರಿಯ ಕಣ್ಣಿಗೆ ಬೀಳುವ ಸಂದರ್ಭವೂ ದೂರವಾಯಿತು. ನವೀಕರಣಕ್ಕೆ ಬಂದಾಗ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆರ್ಮರರ್ (ಬಂದೂಕು ದುರಸ್ತಿಯ ಸಿಬ್ಬಂದಿ) ಒಬ್ಬರು ಬಂದೂಕನ್ನೇ ನೋಡಲಿ. ಮೇಲೆ ಹೇಳಿದ ಗಜದ ಅಳತೆ, ತಳದ ತುಕ್ಕು, ಉಬ್ಬು, ಕುದುರೆಯ ಎರಡು ಪರೀಕ್ಷೆ, ನಿಪ್ಪಲ್, ಇಷ್ಟಕ್ಕೆ ಒಂದು ಬಂದೂಕಿಗೆ ಹತ್ತು ನಿಮಿಷ ಬೇಕು. ಕೆಟ್ಟದ್ದಿದ್ದರೆ ರಿಪೇರಿ ಆಗುವವರೆಗೆ ಡೀಲರ್ ಬಳಿ ಠೇವಣಿ ಇಡಲು ಬರೆದುಕೊಡಲಿ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷತಾ ತರಬೇತಿ ಇದೆ, ಆದರೆ ಅದರಲ್ಲಿ ಬಾಯಿಂದ ತುಂಬುವ ಬಂದೂಕಿನ ತುಂಬುವಿಕೆ, ತೊಳೆಯುವಿಕೆಯನ್ನು ಕೈಯಾರೆ ಮಾಡಿಸಿ ಕಲಿಸಬೇಕು. ಮುಂಗಾರು ಬಿತ್ತನೆ ಮುಗಿದ ಮೇಲೆ, ತೆನೆ ಕಟ್ಟುವ ಮೊದಲು ತಾಲ್ಲೂಕಿಗೊಂದು ದಿನ ಇಟ್ಟರೆ ರೈತರು ಬರುತ್ತಾರೆ. ಅರಣ್ಯ ಇಲಾಖೆಯವರೂ ಆ ದಿನ ಕೂತು 11ನೇ ಕಲಮಿನ ಅಪ್ಪಣೆ ಮತ್ತು ಬೆಳೆ ಪರಿಹಾರದ ಅರ್ಜಿ ತೆಗೆದುಕೊಳ್ಳಲಿ, 10 ಕಿಲೋಮೀಟರ್ ಒಳಗಿನವರ ನೋಂದಣಿಯನ್ನೂ ಅಲ್ಲೇ ಮಾಡಲಿ.

ಚುನಾವಣೆ ಬಂದಾಗ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವ ಪದ್ಧತಿ ಇದ್ದೇ ಇದೆ. ಆಗ ಠಾಣೆಯ ಬಾಗಿಲಲ್ಲೇ ಗಜ ಇಳಿಸಿ ನೋಡಿ, ರಸೀದಿಯ ಮೇಲೆ 'ಖಾಲಿ ಇದೆ' ಎಂದು ಬರೆದು ಸಹಿ ಹಾಕುವ ರೂಢಿ ಇಂದಿನಿಂದಲೇ ಶುರುವಾಗಬಹುದು, ಅದಕ್ಕೆ ಹೊಸ ಆದೇಶ ಬೇಕಿಲ್ಲ. ಲೈಸೆನ್ಸ್‌ದಾರ ತೀರಿಕೊಂಡ ಮನೆಗಳ ಬಂದೂಕುಗಳಿಗೂ ಇದೇ ಅನ್ವಯವಾಗಲಿ. ವಾರಸುದಾರರು ಅದನ್ನು ಅಟ್ಟದಲ್ಲಿ ಬಿಡದೆ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಇಟ್ಟು ರಸೀದಿ ಪಡೆಯಬೇಕು, ಹೆಸರಿಗೆ ಮಾಡಿಸುವ ಅರ್ಜಿ ಆಮೇಲೆ.

ಬೆಳೆ ರಕ್ಷಣೆ ಬಂದೂಕು ಬಳಸುವ ಮತ್ತು ದುರಸ್ತಿ ಮಾಡುವ ಕೆಲವರು,
ಹಾನಗಲ್ಲ ಮತ್ತು ಹುಬ್ಬಳ್ಳಿ